ಮಾತಿಗೊಂದು ಕೋಡು

ಗುಣಾತ್ಮಕ ಸಂಶೋಧನೆ ಮಾಡುವವರ ಬಾಯಲ್ಲಿ ಹೊತ್ತುಹೊತ್ತಿಗೂ ಬರುವ ಮಾತು ‘ಕೋಡ್’. ಸಂದರ್ಶನವನ್ನು ಬರಹಕ್ಕಿಳಿಸಿಕೊಂಡು, ಅದರಲ್ಲಿ ಒಂದು ವಾಕ್ಯವನ್ನೋ ನಾಲ್ಕು ವಾಕ್ಯಗಳನ್ನೋ ಗುರುತು ಮಾಡಿ, ಅಲ್ಲಿ ಏನು ನಡೆಯುತ್ತಿದೆ ಎಂಬುದಕ್ಕೆ ಒಂದು ಹೆಸರು ಕೊಟ್ಟರೆ ಆ ಹೆಸರೇ ಕೋಡ್. ಬಸ್ಸು, ಕಾರು, ಪೆನ್ನುಗಳ ಹಾಗೆ ಇದಕ್ಕೂ ಉಕಾರ ಹತ್ತಿ ಕೋಡು ಆಗಿಬಿಟ್ಟರೆ ನನ್ನ ಆಕ್ಷೇಪವಿಲ್ಲ. ಹೋರಿಯನ್ನು ಹಿಡಿಯಬೇಕಾದರೆ ಕೋಡಿಗೇ ಕೈ ಹಾಕಬೇಕು. ಒಂದು ಗಂಟೆಯ ಮಾತು ಬರಹಕ್ಕಿಳಿದರೆ 20 ಪುಟ ಹಿಡಿಯುವುದು ಮಾಮೂಲು. ಅಂಥವು 20 ಸೇರಿದರೆ 400 ಪುಟದ ಹೋರಿ. ಅದನ್ನು ಬಾಲ ಹಿಡಿದು ನಿಲ್ಲಿಸಿದವರಿಲ್ಲ. ಇನ್ನು, ಕೆಳಗೆ ಆಧಾರವಾಗಿ ಒಂದು ಸಾಲೂ ಇಲ್ಲದೆ ಬರೀ ಸಿದ್ಧಾಂತದ ಹುಮ್ಮಸ್ಸಿನಲ್ಲಿ ಹುಟ್ಟಿಸಿದ ಕೋಡುಗಳಿಗೆ ನಮ್ಮಲ್ಲಿ ಮೊದಲೇ ಹೆಸರಿದೆ: ಮೊಲದ ಕೋಡು.

ಕೋಡುಗಳನ್ನು ಹಚ್ಚಲು, ಜೋಡಿಸಲು, ಬೇಕೆಂದಾಗ ತೆಗೆದು ನೋಡಲು ಎನ್‌ವಿವೊ, ಅಟ್ಲಾಸ್ ಟಿಐ, ಮ್ಯಾಕ್ಸ್‌ಕ್ಯುಡಿಎ ಮುಂತಾದ ತಂತ್ರಾಂಶಗಳಿವೆ. ಸಂಶೋಧನಾ ವಿದ್ಯಾರ್ಥಿಗಳಿಗೆ ಇವುಗಳ ಪರಿಚಯ ಮಾಡಿಸುವಾಗ ಸಾಮಾನ್ಯವಾಗಿ ಹೇಳುವ ಹೊಗಳಿಕೆ, ಕೆಲಸ ಬೇಗ ಮುಗಿಯುತ್ತದೆ ಎಂಬುದು. ಸಂಗೀತ ಕಲಿಯಲು ಬಂದವನಿಗೆ ಆಲಾಪನೆ ಬೇಗ ಮುಗಿಸುವ ಉಪಾಯ ಹೇಳಿಕೊಡುತ್ತೇನೆ ಎಂದ ಹಾಗಾಯಿತು ಇದು. ನನ್ನ ಮಟ್ಟಿಗೆ ಈ ತಂತ್ರಾಂಶಗಳ ಸುಖವೂ ಉಪಯೋಗವೂ ಇರುವುದು ಅವು ನಮ್ಮನ್ನು ತಡೆದು ನಿಲ್ಲಿಸುವ ಕಡೆಗಳಲ್ಲಿ. ಮೆನು, ಬಟನ್ನುಗಳ ಪಾಠ ಎರಡು ಮಧ್ಯಾಹ್ನಗಳಲ್ಲಿ ಮುಗಿಯುತ್ತದೆ. ಆಮೇಲೆ ಉಳಿಯುವುದೆಲ್ಲ ಓದಿನ ಪಾಠ, ಅದರಲ್ಲೂ ಸಾವಕಾಶದ ಓದಿನ ಪಾಠ.

ಕೋಡಿಂಗಿನ ಮತ್ತು ಈ ತಂತ್ರಾಂಶಗಳ ಹುಟ್ಟಿನ ಕಥೆಯನ್ನು ನೋಡಿದರೂ ಇದೇ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಆಸ್ಪತ್ರೆಗಳಲ್ಲಿ ಸಾವಿನಂಚಿನ ರೋಗಿಗಳ ಮುಂದೆ ಯಾರು ಏನು ಹೇಳುತ್ತಾರೆ, ಏನು ಮುಚ್ಚಿಡುತ್ತಾರೆ ಎಂಬುದನ್ನು ಸಮಾಜಶಾಸ್ತ್ರಜ್ಞರಾದ ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ ಅಧ್ಯಯನ ಮಾಡಿದ್ದರು. ಆ ಅನುಭವದ ಬಲದಿಂದ 1967ರಲ್ಲಿ ಅವರು ದತ್ತಾಂಶದಿಂದಲೇ ಸಿದ್ಧಾಂತ ಕಟ್ಟುವ ಗ್ರೌಂಡೆಡ್ ಥಿಯರಿಯ ಪುಸ್ತಕ ಬರೆದರು. ಅದರಲ್ಲಿ ಕೋಡಿಂಗಿಗೆ ಹೇಳಿದ ನಿಯಮಗಳು ಎರಡೇ. ಒಂದು ತುಣುಕಿಗೆ ಕೋಡ್ ಹಚ್ಚುವಾಗ ಅದೇ ಕೋಡಿನಡಿ ಈಗಾಗಲೇ ಬಂದು ಕೂತಿರುವ ತುಣುಕುಗಳೊಂದಿಗೆ ಅದನ್ನು ಹೋಲಿಸಿ ನೋಡಬೇಕು. ಮನಸ್ಸಿನಲ್ಲಿ ಎಳೆದಾಟ ಶುರುವಾದರೆ ಕೋಡಿಂಗ್ ನಿಲ್ಲಿಸಿ ಮೆಮೊ, ಅಂದರೆ ತನಗೆ ತಾನೇ ಒಂದು ಟಿಪ್ಪಣಿ, ಬರೆಯಬೇಕು. ಎರಡೂ ಬ್ರೇಕು, ಆಕ್ಸಿಲರೇಟರ್ ಯಾವುದೂ ಅಲ್ಲ. ಮುಂದೆ ಮೆಲ್ಬರ್ನಿನ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರಜ್ಞೆ ಲಿನ್ ರಿಚರ್ಡ್ಸ್ ಅವರ ಸಂದರ್ಶನಗಳ ರಾಶಿಯನ್ನು ನಿಭಾಯಿಸುವುದಕ್ಕೆಂದು ಅವರ ಪತಿ, ಕಂಪ್ಯೂಟರ್ ವಿಜ್ಞಾನಿ ಟಾಮ್ ರಿಚರ್ಡ್ಸ್ 1981ರಲ್ಲಿ ಒಂದು ಪ್ರೋಗ್ರಾಮ್ ಬರೆಯಲು ಕೂತರು. ಅದಕ್ಕೆ ನ್ಯೂಡಿಸ್ಟ್ ಎಂಬ ತುಂಟ ಹೆಸರು ಬಿತ್ತು. ಕನ್ನಡದ ಕಿವಿಗೆ ಅದರೊಳಗೊಂದು ‘ನುಡಿ’ ಕೇಳಿಸಿದರೆ ಅದು ಅವರ ತಪ್ಪಲ್ಲ. ಅದರ ಬಳಗದಲ್ಲೇ 1999ರಲ್ಲಿ ಎನ್‌ವಿವೊ ಬಂತು. ಇಂಥ ಪ್ರೋಗ್ರಾಮುಗಳು ಬರುವವರೆಗಿನ ಪದ್ಧತಿ ಕತ್ತರಿ, ಜೆರಾಕ್ಸು, ಫೈಲುಗಳದ್ದು. ಕತ್ತರಿಸಿದ ಮಾತು ತನ್ನ ಪುಟದಿಂದ ಕಳಚಿ ಬೀಳುತ್ತಿತ್ತು. ಒಂದೇ ವಾಕ್ಯ ಮೂರು ಫೈಲಿಗೆ ಸಲ್ಲುವುದಾದರೆ ಮೂರು ಪ್ರತಿ ಬೇಕಿತ್ತು. ಕಂಪ್ಯೂಟರ್ ತಪ್ಪಿಸಿದ್ದು ಈ ಪೀಕಲಾಟವನ್ನು. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದ ಯೋಜನೆಯೊಂದರಿಂದ ಬಂದ ಅಟ್ಲಾಸ್ ಎಂಬ ಹೆಸರಂತೂ ಜರ್ಮನ್ ಪದಗಳ ಮೊದಲಕ್ಷರಗಳ ಜೋಡಣೆ; ಆ ಪದಗಳಲ್ಲೊಂದಕ್ಕೆ ಅರ್ಥ ‘ದಿನನಿತ್ಯದ ಮಾತು’. ಇಷ್ಟು ಒಳ್ಳೆಯ ಹೆಸರನ್ನು ಸಾಫ್ಟ್‌ವೇರ್ ಲೋಕದಲ್ಲಿ ನಾನು ಬೇರೆ ಕಂಡಿಲ್ಲ. ನಮಗೂ ಈ ಕಸುಬು ತೀರಾ ಪರಕೀಯವಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಎದ್ದು ನಿಂತದ್ದು ಚೀಟಿಗಳ ಮೇಲೆ: ಪದ, ಅದು ಬಂದ ಪ್ರಯೋಗ, ಆ ಪ್ರಯೋಗ ಇರುವ ಜಾಗ. ಕೋಡಿಂಗ್ ಮಾಡುವವನದೂ ಅದೇ ಚೀಟಿಯ ಕೆಲಸ. ಅವನ ಮುಂದಿರುವುದು ಕಾವ್ಯ, ಶಾಸನಗಳ ಬದಲು ನಿನ್ನೆ ಮೊನ್ನೆ ಆಡಿದ ಮಾತು.

ಆ ಕೆಲಸದ ರುಚಿ ತಿಳಿಯಬೇಕಾದರೆ ಒಂದು ವಾಕ್ಯವನ್ನು ಮುಂದಿಟ್ಟುಕೊಳ್ಳಬೇಕು. ಸ್ವಸಹಾಯ ಸಂಘಗಳ ಸಾಲದ ಬಗ್ಗೆ ಅಧ್ಯಯನ ನಡೆದಿದೆ, ಒಬ್ಬಾಕೆ ಹೀಗೆ ಹೇಳಿದ್ದಾಳೆ ಎಂದಿಟ್ಟುಕೊಳ್ಳಿ: “ಬ್ಯಾಂಕಿನ ದುಡ್ಡಾದ್ರೆ ಒಂದಿನ ತಡೀತದೆ, ಸಂಘದ್ದು ಮರ್ಯಾದೆ ದುಡ್ಡು.” ಅವಸರದ ಕೈ ಇದಕ್ಕೆ ‘ಸಾಲ’ ಎಂದು ಹಚ್ಚಿ ಮುಂದೆ ಹೋಗುತ್ತದೆ. ಅದು ತಪ್ಪಲ್ಲ, ಆದರೆ ಇಡೀ ಅಧ್ಯಯನವೇ ಸಾಲದ್ದಾದ ಮೇಲೆ ಆ ಕೋಡಿನಿಂದ ಏನೂ ಹೇಳಿದಂತಾಗುವುದಿಲ್ಲ. ಸ್ವಲ್ಪ ಓದಿಕೊಂಡ ಕೈ ‘ಸಾಮಾಜಿಕ ಒತ್ತಡ’ ಎನ್ನುತ್ತದೆ. ಇದು ಮೇಲ್ನೋಟಕ್ಕೆ ಚೆಂದ. ಆದರೆ ಒತ್ತಡ ಹೊರಗಿನಿಂದ ಬರುವಂಥದ್ದು. ಮರ್ಯಾದೆ ಒಳಗೂ ಇದೆ, ಹೊರಗೂ ಇದೆ, ಕೊಡುವಂಥದ್ದು, ಇಟ್ಟುಕೊಳ್ಳುವಂಥದ್ದು, ಹೋಗುವಂಥದ್ದು. ಆಕೆ ದುಡ್ಡಿಗೇ ಮರ್ಯಾದೆಯನ್ನು ವಿಶೇಷಣ ಮಾಡಿದ್ದಾಳೆ. ಹಾಗಿರುವಾಗ ‘ಮರ್ಯಾದೆ ದುಡ್ಡು’ ಎಂಬ ಅವಳ ನುಡಿಯನ್ನೇ ಎತ್ತಿ ಕೋಡಾಗಿ ಇಡುವುದು ಮೇಲು. ಆಡಿದವರ ಪದವನ್ನೇ ಹೀಗೆ ಕೋಡು ಮಾಡುವುದಕ್ಕೆ ಇನ್ ವಿವೊ ಎನ್ನುತ್ತಾರೆ. ಎನ್‌ವಿವೊ ಎಂಬ ಹೆಸರಿನ ಬೇರು ಅಲ್ಲಿದೆ. ಮುಂದಿನ ಸಂದರ್ಶನದಲ್ಲಿ ಮತ್ತೊಬ್ಬಾಕೆ ಕಂತು ಕಟ್ಟಲು ಕಿವಿಯ ಓಲೆ ಅಡವಿಟ್ಟದ್ದನ್ನು ಹೇಳಿದಾಗ ಪ್ರಶ್ನೆ ಏಳುತ್ತದೆ: ಇದೂ ಮರ್ಯಾದೆ ದುಡ್ಡೇ? ಬರಿಗಿವಿಯಲ್ಲಿ ಓಡಾಡುವುದೂ ಮರ್ಯಾದೆಗೇಡೇ ಅಲ್ಲವೇ? ಇಲ್ಲಿ ಒಂದು ಮರ್ಯಾದೆಯನ್ನು ಒತ್ತೆಯಿಟ್ಟು ಇನ್ನೊಂದನ್ನು ಉಳಿಸಿಕೊಂಡಂತಾಯಿತು. ಕೋಡು ಎರಡಾಗಿ ಸೀಳುತ್ತದೆ, ಮೆಮೊದಲ್ಲಿ ನಾಲ್ಕು ಸಾಲು ಹುಟ್ಟುತ್ತವೆ, ಹಿಂದೆ ಓದಿ ಮುಗಿಸಿದೆವೆಂದುಕೊಂಡ ಹತ್ತು ಸಂದರ್ಶನಗಳು ಮತ್ತೆ ಬಾಗಿಲು ತೆರೆಯುತ್ತವೆ. ಇಡೀ ಕಸುಬಿನಲ್ಲಿ ನನಗೆ ಅತ್ಯಂತ ಇಷ್ಟವಾದ ಗಳಿಗೆ ಇದು. ಲೆಕ್ಕಕ್ಕೆ ಹಿಡಿದರೆ ಅವತ್ತಿನ ಕೆಲಸ ಹಿಂದಕ್ಕೆ ಹೋಗಿರುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ತಡೆಗಳು ಇನ್ನೂ ಹೆಚ್ಚು. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿದ ಕಡತವನ್ನು ಯೂನಿಕೋಡಿಗೆ ಬದಲಾಯಿಸದೆ ತಂದರೆ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಗೀಚು. ಯೂನಿಕೋಡಿನಲ್ಲಿದ್ದರೂ ಹುಡುಕಾಟದ ಪಜೀತಿ ಬೇರೆ. ಇಂಗ್ಲಿಷಿನ ಪದವೊಂದರ ನಾಲ್ಕಾರು ರೂಪಗಳನ್ನು ಒಟ್ಟುಗೂಡಿಸಲು ಯಂತ್ರಕ್ಕೆ ಬರುತ್ತದೆ; ಪ್ರತ್ಯಯದ ಮೇಲೆ ಪ್ರತ್ಯಯ ಹೊತ್ತು ನಡೆಯುವ ಕನ್ನಡದ ಪದದ ಮುಂದೆ ಅದು ಕಣ್ಣು ಪಿಳಿಪಿಳಿ ಬಿಡುತ್ತದೆ. ‘ಸಾಲ’ ಎಂದು ಇಡೀ ಪದವನ್ನು ಹುಡುಕಿದರೆ ಸಾಲದ, ಸಾಲಕ್ಕೆ, ಸಾಲಗಾರ ತಪ್ಪಿಸಿಕೊಳ್ಳುತ್ತವೆ. ಅಕ್ಷರಗಳು ಎಲ್ಲಿ ಸಿಕ್ಕರೂ ಹಿಡಿ ಎಂದರೆ ಸಾಲು, ಸಾಲಾಗಿ, ಸಾಲಿಗ್ರಾಮ, ಧಾರವಾಡದ ಕಡೆಯ ಸಂದರ್ಶನವಾದರೆ ಮಕ್ಕಳು ಹೋಗುವ ಸಾಲಿ, ಎಲ್ಲವೂ ಬಲೆಗೆ ಬೀಳುತ್ತವೆ. ‘ಸಾಲದು’ ಎಂಬುದೂ ಬರುತ್ತದೆ. ಇದು ಮಾತ್ರ ಅಷ್ಟು ಅಪ್ರಸ್ತುತವಲ್ಲ, ಸಾಲದವರೇ ತಾನೆ ಸಾಲಕ್ಕೆ ಹೋಗುವುದು! ಇದಕ್ಕಿಂತ ದೊಡ್ಡ ತೊಡಕು ಆಡದೆ ಆಡುವ ಮಾತಿನದು. ಹಳ್ಳಿಯ ಸಂದರ್ಶನವೊಂದರಲ್ಲಿ ‘ಜಾತಿ’ ಎಂದು ಹುಡುಕಿದರೆ ಒಂದೂ ಸಿಗದಿರಬಹುದು. ಆದರೆ ‘ನಮ್ಮೋರು’, ‘ಆ ಕೇರಿಯವರು’, ‘ಅವರ ಮನೆ ನೀರು ನಾವು ಮುಟ್ಟಲ್ಲ’ ಎಂಬ ಮಾತುಗಳಲ್ಲಿ ಜಾತಿ ಪುಟಪುಟದಲ್ಲೂ ಕಾಲು ಚಾಚಿ ಕೂತಿರುತ್ತದೆ. ಹುಡುಕು ಗುಂಡಿ ಇದನ್ನು ಕಾಣದು. ಸಾಲಿನಿಂದ ಸಾಲಿಗೆ ಬೆರಳಿಟ್ಟು ಓದಿದವರಿಗೆ ಮಾತ್ರ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಬರುತ್ತದೆ. ಕನ್ನಡಕ್ಕೆ ಸವಲತ್ತಿಲ್ಲದ್ದನ್ನೇ ದೊಡ್ಡ ಗುಣವೆಂದು ಕೊಂಡಾಡುವುದು ಕೈಗೆಟುಕದ ದ್ರಾಕ್ಷಿಯ ಕಥೆಯಲ್ಲವೇ? ಅರ್ಧ ಹೌದು. ವಿಭಕ್ತಿ ಬಿಡಿಸಿ ಹುಡುಕುವ ಸೌಲಭ್ಯ ಕನ್ನಡಕ್ಕೆ ಬೇಕೇ ಬೇಕು, ಅದಿಲ್ಲದಿರುವುದು ಕೊರತೆಯೇ. ನಾನು ಹೇಳುತ್ತಿರುವುದು, ಆ ಸೌಲಭ್ಯ ಇರುವವರು ಅದರಿಂದಲೇ ಕೆಟ್ಟಿರುವ ಸಂಗತಿ. ಪದಗಳ ಎಣಿಕೆಯನ್ನು ಬಣ್ಣಬಣ್ಣದ ಮೋಡವಾಗಿ ತೋರಿಸುವ ಚಿತ್ರವೊಂದನ್ನು ಅಂಟಿಸಿ ಅದನ್ನೇ ವಿಶ್ಲೇಷಣೆ ಎನ್ನುವ ಪ್ರಬಂಧಗಳು ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. 2023ರಿಂದ ಅಟ್ಲಾಸ್ ಟಿಐ ಕೃತಕ ಬುದ್ಧಿಮತ್ತೆಯಿಂದ ತಾನೇ ಕೋಡ್ ಹಚ್ಚಿಕೊಡುತ್ತದೆ. ಅದು ಹಚ್ಚುವ ಕೋಡುಗಳು ಕೆಟ್ಟವೆಂದು ನಾನು ವಾದಿಸುವುದಿಲ್ಲ, ಚೆನ್ನಾಗಿಯೇ ಇರಬಹುದು. ಆದರೆ ಕೋಡಿನ ಪಟ್ಟಿ ಈ ಕೆಲಸದ ಫಲವೇನಲ್ಲ. ‘ಮರ್ಯಾದೆ ದುಡ್ಡು’ ಸರಿಯೋ ‘ಸಾಮಾಜಿಕ ಒತ್ತಡ’ ಸರಿಯೋ ಎಂದು ಅರ್ಧ ಗಂಟೆ ಒದ್ದಾಡಿದ ಮನಸ್ಸೇ ಅದರ ಫಲ. ಮುಂದೆ ಬರೆಯಲು ಕೂತಾಗ ಕೈಹಿಡಿಯುವುದು ಆ ಒದ್ದಾಟ. ನಮ್ಮ ಪರವಾಗಿ ಇನ್ನೊಬ್ಬರು ನಡೆದರೆ ಚಾರ್ಮಾಡಿ ಘಾಟಿ ಹತ್ತಿದ ಕಾಲು ನಮ್ಮದಾಗುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ, ಮತ್ತು ಅದು ಮೈಸೂರಿನ ಮಣ್ಣಿನದೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿ, ಅದಕ್ಕೆ ರಾಂಪುರ ಎಂಬ ಮರೆಯ ಹೆಸರಿಟ್ಟಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಯಿದ್ದ ಕಟ್ಟಡಕ್ಕೆ ಕಿಡಿಗೇಡಿಗಳು ಬೆಂಕಿಯಿಟ್ಟಾಗ, ವರ್ಷಗಟ್ಟಲೆ ಸಂಸ್ಕರಿಸಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದರು; 1976ರಲ್ಲಿ ಪ್ರಕಟವಾದ ‘ದ ರಿಮೆಂಬರ್ಡ್ ವಿಲೇಜ್’ ಅವರ ಅತ್ಯುತ್ತಮ ಕೃತಿಗಳಲ್ಲೊಂದಾಯಿತು. ಹಾಗಾದರೆ ಈ ಚೀಟಿ, ಈ ಕೋಡು, ಈ ತಂತ್ರಾಂಶ ಎಲ್ಲ ಯಾಕೆ ಬೇಕು? ನನಗೆ ತೋರುವ ಉತ್ತರ, ಸುಟ್ಟುಹೋದದ್ದು ಏನು ಎಂಬುದರಲ್ಲೇ ಇದೆ. ಹೋದದ್ದು ಸಂಸ್ಕರಿಸಿದ ಟಿಪ್ಪಣಿ, ಅಂದರೆ ವಿಂಗಡಿಸಿ, ಹೋಲಿಸಿ, ಮತ್ತೆ ಮತ್ತೆ ಓದಿದ ಕಾಗದ. ಕಾಗದಕ್ಕೆ ಬೆಂಕಿ ಬಿತ್ತು, ವಿಂಗಡಿಸಿದ ಮನಸ್ಸಿಗೆ ಬೀಳಲಿಲ್ಲ. ಓದದೆ ಕಟ್ಟಿಟ್ಟ ಟಿಪ್ಪಣಿ ಸುಟ್ಟಿದ್ದರೆ ನೆನಪು ಎಲ್ಲಿಂದ ಪುಸ್ತಕ ತರುತ್ತಿತ್ತು? ಶ್ರೀನಿವಾಸರ ಪ್ರತಿಭೆಯ ಪಾಲನ್ನು ಇದರಿಂದ ಕಡಿಮೆ ಮಾಡಿದಂತಾಗುವುದಿಲ್ಲ. ಆ ಪ್ರತಿಭೆಯಿಲ್ಲದ ನಮ್ಮಂಥವರಿಗೆ ವಿಂಗಡಿಸುವ ಕೆಲಸ ಇನ್ನಷ್ಟು ಬೇಕು ಎಂದಾಗುತ್ತದೆ, ಅಷ್ಟೆ.

ಕೋಡಿಂಗಿಗೆ ತನ್ನದೇ ವ್ಯಸನವೂ ಉಂಟು. ಅಂಟಿಸುತ್ತಾ ಕೂತರೆ ಏನೋ ಸಾಗುತ್ತಿದೆ ಎಂಬ ಭ್ರಮೆ ಹಿತವಾಗಿರುತ್ತದೆ. ಕೋಡುಗಳು ನೂರು, ಇನ್ನೂರು ಆಗಿ ಪರದೆಯ ಎಡಬದಿಯಲ್ಲಿ ಬಳ್ಳಿಯಂತೆ ಇಳಿಯುತ್ತವೆ, ಬರವಣಿಗೆ ಮಾತ್ರ ಹುಟ್ಟುವುದಿಲ್ಲ. ಈ ಕೋಡಿಂಗ್ ವ್ಯಾಮೋಹದ ಬಗ್ಗೆ ಎಚ್ಚರಿಸಿದವರು, ಈ ಬಗೆಯ ತಂತ್ರಾಂಶದ ಹುಟ್ಟಿಗೇ ಕಾರಣರಾದ ಲಿನ್ ರಿಚರ್ಡ್ಸ್. ಹಾಗೆಯೇ, ಕೋಡುಗಳನ್ನು ಕೂಡಿಸಿ ಕಾಣುವ ಥೀಮುಗಳು ದತ್ತಾಂಶದಿಂದ ‘ಮೂಡಿಬಂದವು’ ಎಂದು ಬರೆಯುವ ಚಾಳಿಯನ್ನು ಮನೋವಿಜ್ಞಾನಿಗಳಾದ ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲೇ ಆಕ್ಷೇಪಿಸಿದ್ದಾರೆ. ಅವು ಅಣಬೆಯ ಹಾಗೆ ತಾವಾಗಿ ಮೂಡುವುದಿಲ್ಲ. ಓದುವವನು ಕಟ್ಟುತ್ತಾನೆ, ಕಟ್ಟಿದ್ದಕ್ಕೆ ಅವನೇ ಜವಾಬ್ದಾರ. ಸಾವಕಾಶದ ಓದು ಎಂದು ನಾನು ಹೇಳುವಾಗ ಈ ಜವಾಬ್ದಾರಿಯೂ ಅದರೊಳಗಿದೆ. ಬರೀ ನಿಧಾನವನ್ನು ಯಾರು ಬೇಕಾದರೂ ಮಾಡಬಹುದು.

ದುಡ್ಡಿನ ಮಾತು ಬೇಗ ಮುಗಿಸಬಹುದು. ದೊಡ್ಡ ತಂತ್ರಾಂಶಗಳ ಲೈಸೆನ್ಸ್ ವಿದ್ಯಾರ್ಥಿಯ ಜೇಬಿಗೆ ಭಾರ. ಟ್ಯಾಗೆಟ್, ಕ್ವಾಲ್‌ಕೋಡರ್ ಪುಕ್ಕಟೆ ಸಿಗುತ್ತವೆ, ಯೂನಿಕೋಡ್ ಕನ್ನಡಕ್ಕೆ ಅವೂ ಒಗ್ಗುತ್ತವೆ. ಇದಕ್ಕಿಂತ ನನ್ನನ್ನು ಕಾಡುವುದು ನಮ್ಮ ಒಂದು ರೂಢಿ. ಕನ್ನಡದಲ್ಲಿ ಆಡಿದ ಮಾತನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಆ ಇಂಗ್ಲಿಷಿಗೆ ಕೋಡ್ ಹಚ್ಚುವುದು. ಅಲ್ಲಿಗೆ ‘ಮರ್ಯಾದೆ ದುಡ್ಡು’ ಕೈಗೆ ಬರುವ ಮುಂಚೆಯೇ ತೀರಿಹೋಗಿರುತ್ತದೆ. ಪ್ರಬಂಧವನ್ನು ಇಂಗ್ಲಿಷಿನಲ್ಲೇ ಬರೆಯಬೇಕಾಗಿದ್ದರೆ ಬರೆಯಿರಿ, ಅನುವಾದವನ್ನು ಕೊನೆಗೆ ಇಟ್ಟುಕೊಳ್ಳಿ. ಕೋಡನ್ನು ಮಾತ್ರ ಆಡಿದವರ ನುಡಿಯಲ್ಲೇ ಹಚ್ಚಿ. ಮತ್ತೆ, ಪ್ರಬಂಧದ ಅನುಬಂಧದಲ್ಲಿ ಪ್ರಶ್ನಾವಳಿ ಸೇರಿಸುತ್ತೀರಲ್ಲ, ಅದರ ಹಿಂದೆ ನಿಮ್ಮ ಕನ್ನಡ ಕೋಡುಗಳ ಪಟ್ಟಿಯನ್ನೂ ಸೇರಿಸಿ, ಒಂದೊಂದರ ಮುಂದೆ ಅದನ್ನು ಯಾಕೆ ಹಾಗೆ ಕರೆದಿರೆಂದು ಎರಡು ಸಾಲು ಬರೆದು. ಅದೇ ಊರಿಗೆ ಇನ್ನು ಹತ್ತು ವರ್ಷದ ಮೇಲೆ ಹೋಗುವವರಿಗೆ ಬೇಕಾಗುತ್ತದೆ.