ಡೈರಿಗೆ ಹೋಗದ ಎರಡು ಲೀಟರ್ ಹಾಲು

ಚೀಸ್‌ಕೇಕ್ ಅಂದ ಕೂಡಲೇ ನಮ್ಮಂಥವರಿಗೆ ನೆನಪಾಗುವುದು ಬೆಂಗಳೂರಿನ ಯಾವುದೋ ಕೆಫೆಯ ಗಾಜಿನ ಕಪಾಟು. ಒಂದು ತ್ರಿಕೋನದ ತುಂಡು, ಮೇಲೆ ನಾಲ್ಕು ಬಾದಾಮಿ ಚೂರು, ಎದುರಿಗೆ 350 ರೂಪಾಯಿಯ ಚೀಟಿ. ಟೀಮಿನಲ್ಲಿ ಯಾರದ್ದಾದ್ರೂ ಬರ್ತ್‌ಡೇ ಅಂದ್ರೆ ತರಿಸ್ತೇವೆ, ಫೋಟೋ ತೆಗೀತೇವೆ, ಮೀಟಿಂಗಿಗೆ ಓಡ್ತೇವೆ. ಅದನ್ನು ಮನೆಯಲ್ಲಿ, ಅದೂ ಹಟ್ಟಿಯ ಹಾಲಿನಿಂದ ಮಾಡಬಹುದು ಅಂತ ಎಷ್ಟು ಜನಕ್ಕೆ ಗೊತ್ತು? ನಾನು ಮಾಡಿದೆ. ಹೇಗೆ ಮಾಡಿದೆ, ಅದರ ಜೊತೆಗೆ ಮನೆಯಲ್ಲಿ ಏನೆಲ್ಲ ಆಯ್ತು ಅಂತ ಹೇಳ್ತೇನೆ.

ನಮ್ಮೂರು ಕುಂದಾಪುರ ತಾಲೂಕಿನ ಹಾಲಾಡಿ. ಹೆಸರಿನಲ್ಲೇ ಹಾಲಿರುವ ಊರು. ಮನೆಯಲ್ಲಿ ಈಗ ಇರುವುದು ಅಮ್ಮ ಮತ್ತು ಅಜ್ಜಿ ಇಬ್ಬರೇ. ಅಪ್ಪ ಹೋಗಿ ಆರು ವರ್ಷವಾಯ್ತು. ಅಣ್ಣ ದುಬೈಯಲ್ಲಿ, ನಾನು ಬೆಂಗಳೂರಿನಲ್ಲಿ. ಕಳೆದ ಜುಲೈಯಲ್ಲಿ ಮೂರು ವಾರ ವರ್ಕ್ ಫ್ರಂ ಹೋಮ್ ತಗೊಂಡು ಊರಿಗೆ ಹೋಗಿದ್ದೆ. ಕಾರಣ ಅಮ್ಮನ ಮೊಣಕಾಲು. ಅವಳಿಗೆ 62 ವರ್ಷ. ಕುಕ್ಕರಗಾಲಿನಲ್ಲಿ ಕೂರಲೇಬೇಡಿ ಅಂತ ಡಾಕ್ಟ್ರು ಹೇಳಿಬಿಟ್ಟಿದ್ರು. ಕೂರದೆ ಹಾಲು ಕರೆಯುವುದು ಹೇಗೆ? "ದನ ಕೊಟ್ಟುಬಿಡುವ, ನಾನು ತಿಂಗಳು ತಿಂಗಳು ದುಡ್ಡು ಹಾಕ್ತೇನೆ, ನೀನು ಹೋಗಿ ಅಮ್ಮನ್ನ ಒಪ್ಪಿಸು" ಅಂತ ಅಣ್ಣ ನನಗೆ ಒಪ್ಪಿಸಿದ ಕೆಲಸ.

ಹಟ್ಟಿಯಲ್ಲಿದ್ದದ್ದು ಎರಡು. ಗೌರಿ ಜೆರ್ಸಿ ಕ್ರಾಸ್, ದಿನಕ್ಕೆ 8 ಲೀಟರ್ ಕೊಡ್ತಿದ್ದಳು. ಪುಟ್ಟಿ ನಮ್ಮ ಮಲೆನಾಡು ಗಿಡ್ಡ ತಳಿ. ಕುಳ್ಳಗೆ, ಚುರುಕಾಗಿ, ಗುಡ್ಡೆಯಲ್ಲಿ ಮೇಯ್ದುಕೊಂಡು ಬರುವ ಜಾತಿ. ಹಾಲು ದಿನಕ್ಕೆ ಒಂದೆರಡು ಲೀಟರ್ ಸಿಕ್ಕಿದ್ರೆ ಹೆಚ್ಚು. ಆಗ ಅವಳು ಆರು ತಿಂಗಳ ಗಬ್ಬ.

ಹೋದ ಮೊದಲ ವಾರ ನಾನು ದನದ ಮಾತೇ ಎತ್ತಲಿಲ್ಲ. ಎತ್ತಿದ್ರೆ ಅಮ್ಮ ಬೇರೆ ಕೆಲಸ ನೆನಪಾದ ಹಾಗೆ ಎದ್ದು ಹೋಗ್ತಾಳೆ ಅಂತ ಗೊತ್ತಿತ್ತು. ಇನ್ನೊಂದು ಕಡೆ 84 ವರ್ಷದ ಅಜ್ಜಿ ಊಟ ಬಿಟ್ಟಿದ್ರು. ಹಲ್ಲಿಲ್ಲ, ಗಂಜಿ ಬೇಜಾರು, ಪೌಡರ್ ಕಲಸಿ ಕೊಟ್ರೆ ಒಂದು ಗುಟುಕು ಕುಡಿದು ಲೋಟ ದೂಡುವುದು. ಅಣ್ಣ ತಂದುಕೊಟ್ಟ ಅರ್ಧ ಕೆಜಿ ಬಾದಾಮಿ ಫ್ರಿಜ್ಜಿನಲ್ಲಿ ಹಾಗೇ ಇತ್ತು. ಜಗಿಯುವವರು ಯಾರು? ಮೆತ್ತಗೆ, ಸಿಹಿಯಾಗಿ, ಸ್ವಲ್ಪ ಶಕ್ತಿಯೂ ಇರುವಂಥದ್ದು ಏನು ಮಾಡಬಹುದು ಅಂತ ಯೋಚಿಸುವಾಗ ಹೊಳೆದದ್ದು ಬಾದಾಮಿ ಚೀಸ್‌ಕೇಕ್.

ಕ್ರೀಮ್ ಚೀಸ್ ಹಾಲಾಡಿ ಪೇಟೆಯಲ್ಲಿ ಎಲ್ಲಿ ಹುಡುಕುವುದು? ಮನೆಯಲ್ಲೇ ಮಾಡುವುದು ಅಂತಾಯ್ತು. ಸಂಜೆ ಡೈರಿಗೆ ಹೋಗಬೇಕಿದ್ದ ಹಾಲಿನಲ್ಲಿ 2 ಲೀಟರ್ ಕೇಳಿದೆ. ಅಮ್ಮ ಕೊಟ್ಟಳು. ಅದನ್ನು ಕುದಿಸಿ, ಒಲೆ ಆರಿಸಿ, ಮೂರು ಲಿಂಬೆಹಣ್ಣಿನ ರಸಕ್ಕೆ ನೀರು ಬೆರೆಸಿ ಸ್ವಲ್ಪ ಸ್ವಲ್ಪವೇ ಹಾಕತೊಡಗಿದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಎಂತ ಹೆಣೆ, ಒಳ್ಳೆ ಹಾಲನ್ನ ಬೇಕಂತ್ಲೇ ಒಡಿಸ್ತ್ಯಾ?"

ಹಾಲು ಒಡೆದ್ರೆ ಅಪಶಕುನ ಅಂತ ನಂಬಿದವಳು ಅವಳು. ಡೈರಿಯಲ್ಲಿ ಕ್ಯಾನ್ ಮುಚ್ಚಳ ತೆಗೆದಾಗ ಹಾಲು ಹುಳಿ ಬಂದಿದ್ರೆ ಆ ಹೊತ್ತಿನ ದುಡ್ಡೇ ಇಲ್ಲ. ಇಷ್ಟು ವರ್ಷ ಹಾಲು ಒಡೆಯದಂತೆ ಕಾದವಳ ಎದುರಿಗೆ ಮಗಳು ನಿಂತು ಒಡೆಸಿದ್ರೆ ಹೇಗಿರಬೇಡ! "ಕಾಣ್ ಅಮ್ಮ, ಈಗ ಗಟ್ಟಿ ಬೇರೆ ನೀರು ಬೇರೆ ಆತ್" ಅಂತ ತೋರಿಸಿದೆ. ತೆಳು ಬೈರಾಸಿನಲ್ಲಿ ಸೋಸಿ, ಅರ್ಧ ಗಂಟೆ ನೇತುಹಾಕಿದೆ. ಪನೀರಿನ ಹಾಗೆ ಭಾರ ಹೇರಿ ಒಣಗಿಸಬಾರದು, ಪಸೆ ಇರಬೇಕು. 2 ಲೀಟರಿಗೆ ಸಿಕ್ಕಿದ್ದು ಸುಮಾರು 350 ಗ್ರಾಂ. ಉಳಿದ ತಿಳಿನೀರನ್ನು ಅಮ್ಮ ಚೆಲ್ಲಲು ಬಿಡಲಿಲ್ಲ, ಮರುದಿನ ಚಪಾತಿ ಹಿಟ್ಟಿಗೆ ಕಲಸಿದಳು.

ಬಾದಾಮಿಯ ಕಥೆಯೂ ಒಂದು ಚರ್ಚೆಯಾಯ್ತು. "ಬಾದಾಮಿ ಎಂತಕೆ? ಗೇರ್‌ಬೀಜ ಇಲ್ಯಾ?" ಅಂದಳು ಅಮ್ಮ. ಗೇರುಬೀಜದ ಕಾರ್ಖಾನೆಗಳ ಸೀಮೆಯಲ್ಲಿ ಕುಳಿತು ಬಾದಾಮಿ ಕುಟ್ಟುವುದು ವಿಚಿತ್ರವೇ. ಜಗತ್ತಿನ ಬಾದಾಮಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬೆಳೆಯುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಹಾಗಂತ ನಮ್ಮ ಗೇರು ಕೂಡ ಇಲ್ಲಿಯದಲ್ಲ, ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು ಅಂದಾಗ ಅಮ್ಮ ನಂಬಲಿಲ್ಲ. ಗೇರುಬೀಜ ಅರೆದ್ರೆ ಬೆಣ್ಣೆಯಂತೆ ಕರಗಿ ಹೋಗ್ತದೆ. ಬಾದಾಮಿಗೆ ಒಂದು ತರಿ ಉಂಟು, ಕೇಕಿನ ಅಡಿಪಾಯಕ್ಕೆ ಅದು ಒಳ್ಳೆಯದು. ಇನ್ನೊಂದು ವಿಷಯ: ಅಂಗಡಿಯ ಬಾದಾಮಿ ಎಸೆನ್ಸಿನ ಆ ಗಾಢ ವಾಸನೆ ನಾವು ತಿನ್ನುವ ಸಿಹಿ ಬಾದಾಮಿಯದ್ದಲ್ಲ. ಅದು ಕಹಿ ಬಾದಾಮಿ ಮತ್ತು ಏಪ್ರಿಕಾಟ್ ಬೀಜದಲ್ಲಿ ಸಿಗುವ ಬೆಂಜಾಲ್ಡಿಹೈಡ್ ಎಂಬ ವಸ್ತುವಿನ ವಾಸನೆ. ಎಸೆನ್ಸ್ ಇಲ್ಲದೆ ಪರಿಮಳ ಬೇಕಿದ್ರೆ ಬಾದಾಮಿಯನ್ನು ಸಣ್ಣ ಉರಿಯಲ್ಲಿ ಹುರಿಯಬೇಕು.

ಮಾಡುವ ಕ್ರಮ ಇಷ್ಟು. 100 ಗ್ರಾಂ ಮಾರಿ ಬಿಸ್ಕಿಟ್, 50 ಗ್ರಾಂ ಹುರಿದ ಬಾದಾಮಿ ತರಿತರಿಯಾಗಿ ಪುಡಿ ಮಾಡಿ, 60 ಗ್ರಾಂ ಕರಗಿದ ಬೆಣ್ಣೆಯಲ್ಲಿ ಕಲಸಿ, 7 ಇಂಚಿನ ಟಿನ್ನಿಗೆ ಒತ್ತಿ ಫ್ರಿಜ್ಜಿನಲ್ಲಿಡಿ. ಇನ್ನು 60 ಗ್ರಾಂ ಬಾದಾಮಿಯನ್ನು ಬಿಸಿನೀರಲ್ಲಿ ಹಾಕಿ ಸಿಪ್ಪೆ ಸುಲಿದು ನುಣ್ಣಗೆ ಅರೆಯಿರಿ. ಅದಕ್ಕೆ ಒಡೆಸಿದ ಚೀಸ್, ನೀರಿಳಿಸಿದ ಗಟ್ಟಿ ಮೊಸರು 200 ಗ್ರಾಂ, ಹಾಲಿನ ಕೆನೆ ಅರ್ಧ ಕಪ್, ಸಕ್ಕರೆ 120 ಗ್ರಾಂ, ಕಾರ್ನ್‌ಫ್ಲೋರ್ ಎರಡು ಟೇಬಲ್ ಚಮಚ, ಒಂದು ಚಿಟಿಕೆ ಉಪ್ಪು ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಅದರ ಕೆಲಸವನ್ನು ಕಾರ್ನ್‌ಫ್ಲೋರ್ ಮಾಡ್ತದೆ. ಟಿನ್ನನ್ನು ಬಿಸಿನೀರಿನ ತಟ್ಟೆಯಲ್ಲಿಟ್ಟು ಓಟಿಜಿಯಲ್ಲಿ 160 ಡಿಗ್ರಿಗೆ 50-60 ನಿಮಿಷ. ನೀರು 100 ಡಿಗ್ರಿ ದಾಟುವುದಿಲ್ಲವಲ್ಲ, ಹಾಗಾಗಿ ಅಂಚು ಗಟ್ಟಿಯಾಗುವುದಿಲ್ಲ, ಮೇಲೆ ಬಿರುಕು ಬೀಳುವುದೂ ಕಮ್ಮಿ.

ಪುಸ್ತಕದ ಲೆಕ್ಕ ಇದು. ಹಾಲಾಡಿಯ ಜುಲೈ ತಿಂಗಳ ಲೆಕ್ಕ ಬೇರೆ. 25 ನಿಮಿಷಕ್ಕೆ ಗಾಳಿಮಳೆ ಬಂತು, ಕರೆಂಟು ಹೋಯ್ತು. ಅಂಚು ಮಾತ್ರ ಕಟ್ಟಿತ್ತು, ನಡುವೆ ಇನ್ನೂ ನೀರುನೀರು.

ನಾನು ಟಾರ್ಚ್ ಹಿಡಿದು ನಿಂತಿದ್ದೆ. ಅಮ್ಮ ಬಗ್ಗಿ ಟಿನ್ನಿನೊಳಗೆ ನೋಡಿದಳು. "ಇದ್ ಗಿಣ್ಣ್ ಬೇಯ್ಸುದೇ ಅಲ್ದಾ?" ಅಂತ ಇಡ್ಲಿ ಬೇಯಿಸುವ ದೊಡ್ಡ ಪಾತ್ರೆ ತೆಗೆದು ಗ್ಯಾಸಿನ ಮೇಲಿಟ್ಟಳು. ಮುಚ್ಚಳಕ್ಕೆ ಒಂದು ಬಟ್ಟೆ ಸುತ್ತಿ ಗಂಟು ಹಾಕಿದಳು, ಹಬೆಯ ನೀರು ಕೇಕಿನ ಮೇಲೆ ತೊಟ್ಟಿಕ್ಕಬಾರದಲ್ಲ. ಸಣ್ಣ ಉರಿ, ಮುಕ್ಕಾಲು ಗಂಟೆ.

ಗಿಣ್ಣು ಗೊತ್ತಿಲ್ಲದವರಿಗೆ: ದನ ಕರು ಹಾಕಿದ ಮೊದಲ ಎರಡು ಮೂರು ದಿನದ ಹಾಲಿನಲ್ಲಿ, ಕರುವಿಗೆ ಕುಡಿಸಿ ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸುವುದು. ಆ ಹಾಲಿನಲ್ಲಿ ಪ್ರೋಟೀನ್ ಎಷ್ಟಿರ್ತದೆ ಅಂದ್ರೆ ಬಿಸಿ ತಾಗಿದ್ರೆ ಸಾಕು, ತಾನಾಗಿಯೇ ಕಟ್ಟಿಕೊಳ್ತದೆ. ಅಮೆರಿಕದ ಕ್ರೀಮ್ ಚೀಸ್ ಶುರುವಾದದ್ದು 1872ರಲ್ಲಿ, ನ್ಯೂಯಾರ್ಕ್ ರಾಜ್ಯದ ವಿಲಿಯಂ ಲಾರೆನ್ಸ್ ಎಂಬ ಹೈನುಗಾರನಿಂದ ಅಂತಾರೆ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ರೋಮಿನ ಕೇಟೋ ಎಂಬವನು ಕೃಷಿಯ ಬಗ್ಗೆ ಬರೆದ ಪುಸ್ತಕದಲ್ಲಿ ಚೀಸು, ಹಿಟ್ಟು ಕಲಸಿ, ಎಲೆಯ ಮೇಲಿಟ್ಟು, ಮಡಕೆ ಮುಚ್ಚಿ ನಿಧಾನ ಬೇಯಿಸುವ ಕ್ರಮ ಉಂಟು. ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ನಮ್ಮ ಅಮ್ಮಂದಿರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಆ ಮುಕ್ಕಾಲು ಗಂಟೆ ನಾವಿಬ್ಬರೂ ಅಡುಗೆಮನೆಯಲ್ಲೇ ಕೂತೆವು. ಫೋನಿಗೆ ನೆಟ್‌ವರ್ಕ್ ಇಲ್ಲ, ಹೊರಗೆ ಮಳೆ. ಬೆಂಗಳೂರಿನಲ್ಲಿ ಇದರ ಒಂದು ತುಂಡಿಗೆ ಎಷ್ಟು ಅಂತ ಅಮ್ಮನೇ ಕೇಳಿದಳು. ಹೇಳಿದೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸೊಸೈಟಿಯಲ್ಲಿ ಫ್ಯಾಟ್ ನೋಡಿ ಕೊಡುವ ರೇಟು, ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಎಲ್ಲ ಸೇರಿ ಲೀಟರಿಗೆ ಹೆಚ್ಚು ಕಮ್ಮಿ 40.

"ನೀವ್ ಒಂದ್ ತುಂಡಿಗೆ ಕೊಡು ದುಡ್ಡಿಗೆ ನಾನ್ ಎಂಟ್ ಲೀಟ್ರ್ ಹಾಲ್ ಕೊಡ್ತೆ, ಮಗಾ."

ಗೌರಿಯ ಇಡೀ ದಿನದ ಹಾಲು. ಅದರಲ್ಲಿ ಹಿಂಡಿ, ಬೈಹುಲ್ಲು, ಔಷಧಿ ಕಳೆದ್ರೆ ಅರ್ಧವೂ ಉಳಿಯುವುದಿಲ್ಲ. ತಿಂಗಳಿಗೆ ನಾಲ್ಕು ಸಾವಿರ ಕೈಗೆ ಬಂದ್ರೆ ಪುಣ್ಯ. ಅಣ್ಣ ಅದರ ಮೂರು ಪಟ್ಟು ಹಾಕಲು ತಯಾರಿದ್ದಾನೆ. ನಾನು ಅದನ್ನೇ ಹೇಳಿದೆ. ದನದ ಮಾತು ಮೊದಲ ಸಲ ಎತ್ತಿದ್ದು ಆಗ.

ಅಮ್ಮ ಎದ್ದು ಹೋಗಲಿಲ್ಲ. ಬೇಯುವುದಕ್ಕೆ ಇಟ್ಟ ಪಾತ್ರೆ ಬಿಟ್ಟು ಎಲ್ಲಿಗೆ ಹೋಗುವುದು?

"ಅವ ಹಾಕುದ್ ಅವ್ನ ದುಡ್ಡ್. ಪಾಸ್‌ಬುಕ್ಕಲ್ ಇಪ್ಪುದ್ ನಂದ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬೆಳಿಗ್ಗೆ ಡೈರಿಗೆ ಹೋಪ್ದಿಲ್ಲ ಅಂದ್ರೆ ನನ್ನನ್ ಯಾರ್ ಕೇಂತ್ರ್?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬೆಳಿಗ್ಗೆ ಆರೂಮುಕ್ಕಾಲಿಗೆ ಡೈರಿಯ ಮುಂದೆ ಸೇರುವ ಹತ್ತು ಹನ್ನೆರಡು ಹೆಂಗಸರು, ಯಾರ ಮಗಳ ಮದುವೆ, ಯಾರ ಮನೆ ಬಾವಿಗೆ ಕೆಸರು ನೀರು, ಯಾರಿಗೆ ಜ್ವರ, ಎಲ್ಲ ವರದಿ ಅಲ್ಲೇ. ಅಪ್ಪ ಹೋದ ಮೇಲೆ ಅಮ್ಮ ದಿನಾ ಮನೆಯಿಂದ ಹೊರಗೆ ಕಾಲಿಡುವುದಕ್ಕೆ ಇದ್ದ ಕಾರಣ ಅದೊಂದೇ. ಆದ್ರೆ ಕಾಲು ನೋವೂ ಸುಳ್ಳಲ್ಲ. ಪ್ರತಿ ಸಲ ಏಳುವಾಗ ಕಂಬ ಹಿಡಿದು ಹಲ್ಲು ಕಚ್ಚುವುದನ್ನು ಆ ವಾರವಿಡೀ ನೋಡಿದ್ದೆ.

ದಾರಿ ಹೇಳಿದವಳೂ ಅಮ್ಮನೇ. ಗೌರಿಯನ್ನು ಕೊಡುವುದು, ಪುಟ್ಟಿಯನ್ನು ಇಟ್ಟುಕೊಳ್ಳುವುದು. ಪುಟ್ಟಿ ಕರು ಹಾಕಿದ ಮೇಲೆ ಪಕ್ಕದ ಮನೆಯ ಅಕ್ಕ ಬೆಳಿಗ್ಗೆ ಒಂದು ಹೊತ್ತು ಕರೆದು ಕೊಡುವುದು, ಅವಳ ಮನೆಗೆ ಅರ್ಧ ಲೀಟರ್. ಸಂಜೆಯದ್ದು ಕರುವಿಗೆ. ಆ ಅಕ್ಕನ ಹತ್ತಿರ ಮಾತಾಡಿಯೂ ಆಗಿತ್ತು! ನಾವು ಮಕ್ಕಳಿಬ್ಬರು ವಾಟ್ಸಾಪಿನಲ್ಲಿ ಚರ್ಚಿಸುತ್ತಿದ್ದಾಗ ಅವಳು ಬೇಲಿಯ ಬದಿಯಲ್ಲಿ ನಿಂತು ಮುಗಿಸಿದ್ದಳು.

ಕರೆಂಟು ಬಂದದ್ದು ರಾತ್ರಿ ಹನ್ನೊಂದಕ್ಕೆ. ಕೇಕ್ ಫ್ರಿಜ್ಜಿಗೆ ಹೋಯ್ತು. ಮರುದಿನ ಬೆಳಿಗ್ಗೆ ಹುರಿದ ಬಾದಾಮಿ ಚೂರು ಉದುರಿಸಿ ಕತ್ತರಿಸಿದೆ. ಕೆಂಪು ಬಣ್ಣ ಬರಲಿಲ್ಲ, ಆದ್ರೆ ಒಂದು ಬಿರುಕೂ ಇಲ್ಲ. ಚಮಚ ಇಟ್ರೆ ಇಳಿಯುವಷ್ಟು ಮೆತ್ತಗೆ. ಅಜ್ಜಿಗೆ ಅಡಿಯ ಬಿಸ್ಕಿಟ್ ಬಿಟ್ಟು ಮೇಲಿನದ್ದು ಮಾತ್ರ ಕೊಟ್ಟೆ. ಬಾಯೊಳಗೆ ಇಟ್ಟುಕೊಂಡು ಸುಮಾರು ಹೊತ್ತು ಕಣ್ಣು ಮುಚ್ಚಿದ್ರು.

"ಗಿಣ್ಣ್ ಲಾಯ್ಕ್ ಆಯ್ತ್. ಏಲಕ್ಕಿ ಹಾಕುಕೆ ಮರ್ತ್ರಿಯಾ?"

ಎರಡು ತುಂಡು ತಿಂದ್ರು. ಸಂಜೆ ಮತ್ತೆ ಕೇಳಿದ್ರು. ನಾಲ್ಕು ದಿನ ಬಂತು ಆ ಕೇಕು. ಐದನೇ ದಿನ ಅಮ್ಮ ಅದೇ ಮಿಶ್ರಣಕ್ಕೆ ಸಕ್ಕರೆ ಬದಲು ಬೆಲ್ಲ, ಮೇಲಿಂದ ಏಲಕ್ಕಿ ಹಾಕಿ, ಬಿಸ್ಕಿಟ್ ಇಲ್ಲದೆ ಲೋಟಗಳಲ್ಲಿ ಬೇಯಿಸಿದಳು. ಅಜ್ಜಿಗೆ ಹಿಡಿಸಿದ್ದು ಅದೇ. ನಿಮ್ಮ ಮನೆಯಲ್ಲೂ ಹಲ್ಲಿಲ್ಲದ ಹಿರಿಯರಿದ್ರೆ ಹೀಗೆ ಮಾಡಿ ನೋಡಿ. ಸಕ್ಕರೆ ಕಾಯಿಲೆ ಇದ್ರೆ ಮಾತ್ರ ಬೆಲ್ಲವೂ ಸಕ್ಕರೆಯೇ ಅನ್ನುವುದು ನೆನಪಿರಲಿ.

ನಾನು ಬೆಂಗಳೂರಿಗೆ ಹೊರಡುವ ಮೂರು ದಿನ ಮೊದಲು ಶಂಕರನಾರಾಯಣ ಕಡೆಯ ಒಂದು ಮನೆಯವರು ಬಂದು ಗೌರಿಯನ್ನು ಕೊಂಡುಹೋದ್ರು. ಒಳ್ಳೆಯ ಹಟ್ಟಿ, ಒಳ್ಳೆಯ ಜನ. ಟೆಂಪೋ ಹತ್ತಿಸುವಾಗ ಅಮ್ಮ ಹೊರಗೆ ಬರಲಿಲ್ಲ. ಆಮೇಲೆ ಎರಡೂವರೆ ತಿಂಗಳು ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲ. ಫೋನಿನಲ್ಲಿ ಕಾಲು ನೋವು ಕಮ್ಮಿ ಉಂಟು ಅಂತಿದ್ದಳು, ಬೇರೆ ಮಾತು ಕಮ್ಮಿಯಾಗಿತ್ತು.

ನವರಾತ್ರಿ ಕಳೆದ ವಾರ ಪುಟ್ಟಿ ಕರು ಹಾಕಿದಳು. ಹೆಣ್ಣು. ಗಿಣ್ಣಿನ ಫೋಟೋ ಬಂತು, ಮೇಲೆ ಉಳಿದಿದ್ದ ಬಾದಾಮಿ ಚೂರುಗಳು. ಹದಿನೈದು ದಿನ ಬಿಟ್ಟು ಇನ್ನೊಂದು ಫೋಟೋ, ಡೈರಿಯಲ್ಲಿ ಕೊಟ್ಟ ಚೀಟಿಯದ್ದು: 1 ಲೀಟರ್. ಕೆಳಗೆ ವಾಯ್ಸ್ ಮೆಸೇಜ್. ಹಿಂದೆ ಹೆಂಗಸರ ಗದ್ದಲದಲ್ಲಿ ಅಮ್ಮ ಏನಂದಳು ಅಂತ ಸರಿಯಾಗಿ ಕೇಳಿಸಲಿಲ್ಲ.