ಹೆಸರಿನ ಬೆನ್ನು ಹತ್ತಿ ಊರೂರು

ಕೂಡ್ಲಿಗಿ ಸೀಮೆಯಲ್ಲಿ ಒಂದು ಹಳೇ ಮಾತಿದೆ: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು. ಕೂಡ್ಲಿಗಿಯಿಂದ ಹೊರಟು ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿ ಹೊಕ್ಕು, ಕತ್ತು ನೋಯುವವರೆಗೂ ಕೆತ್ತನೆ ನೋಡುತ್ತ ನಿಂತಾಗ ಆ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲವೆನಿಸಿತು. ಒಳಗಿರುವುದು ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಆನ್‌ಲೈನಿನಲ್ಲಿ ಹೆಸರು ಮಾಡಬೇಕೆನ್ನುವ ಪ್ರತಿಯೊಬ್ಬರ ಪ್ರಶ್ನೆಯೂ ಇದೇ. ಅದನ್ನೇ ತಲೆಯಲ್ಲಿಟ್ಟುಕೊಂಡು ಇಲ್ಲಿನ ಊರೂರು ಸುತ್ತಲು ಬಂದಿದ್ದೆ.

ಮನುಷ್ಯನ ಹೆಸರೂ ಸೋಪಿನ ಹೆಸರಿನ ಹಾಗೆ ಒಂದು ಬ್ರ್ಯಾಂಡ್ ಎಂಬ ವಿಚಾರವನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ಟಾಮ್ ಪೀಟರ್ಸ್, 1997ರಲ್ಲಿ ಫಾಸ್ಟ್ ಕಂಪನಿ ಪತ್ರಿಕೆಗೆ ಬರೆದ ಲೇಖನದಿಂದ. ಮುಂದೆ 2008ರಲ್ಲಿ ಕ್ಲೌಟ್ ಎಂಬ ತಾಣ ಹುಟ್ಟಿ, ಜಾಲತಾಣಗಳಲ್ಲಿ ಯಾರ ಪ್ರಭಾವ ಎಷ್ಟೆಂದು ನೂರಕ್ಕೆ ಅಂಕ ಹಾಕತೊಡಗಿತು. ಅಂಕ ಏರಿಸಿಕೊಳ್ಳಲು ಜನ ಮುಗಿಬಿದ್ದರು. 2018ರ ಮೇ 25ರಂದು ಕ್ಲೌಟ್ ಬಾಗಿಲು ಹಾಕಿತು. ಅಂಕಗಳೂ ಅದರೊಂದಿಗೇ ಹೋದವು.

ಕೊಟ್ಟೂರಿನಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಿದ್ದಾಗ ಪಕ್ಕದ ಬೆಂಚಿನ ಹುಡುಗ ಮಾತಿಗೆ ಸಿಕ್ಕ. ಹೆಸರು ಕೊಟ್ರೇಶ, ಮದುವೆ ಫೋಟೋ ತೆಗೆಯುವ ಕಸುಬು. “ಸರ, ನನ್ನ ರೀಲ್ಸ್ ಹತ್ತು ಸಾವಿರ ಜನ ನೋಡ್ಯಾರ. ಆರ್ಡರ್ ಮಾತ್ರ ಒಂದೂ ಬಂದಿಲ್ಲ ನೋಡ್ರಿ” ಎಂದ. ಅವನ ಫೋನಿನಲ್ಲಿ ಅವನದೇ ಹೆಸರು ಹುಡುಕಿದೆವು, ಬ್ರೌಸರಿನ ಖಾಸಗಿ ಕಿಟಕಿಯಲ್ಲಿ. ಮಾಮೂಲಿ ಕಿಟಕಿಯಲ್ಲಿ ಹುಡುಕಿದರೆ ನಮ್ಮ ಹಿಂದಿನ ಹುಡುಕಾಟಗಳ ನೆರಳು ಫಲಿತಾಂಶದ ಮೇಲೆ ಬೀಳಬಹುದು. ಕೊಟ್ಟೂರೇಶ್ವರನ ಈ ಸೀಮೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು “ಕೊಟ್ರೇಶ” ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಗೂಗಲ್‌ನಲ್ಲೂ ಅದೇ ಕತೆ. ಹೆಸರಿನ ಜೊತೆ ಊರು, ಕಸುಬು ಸೇರಿಸಿದಾಗ ಹುಡುಗ ಸಿಕ್ಕ. ಆದರೆ ಅಲ್ಲಿದ್ದದ್ದು ಅವನು ಎಂದೋ ಬಿಟ್ಟ ಫೋನ್ ನಂಬರು! ನೋಡಿದವರ ಸಂಖ್ಯೆ ಹತ್ತು ಸಾವಿರ, ಕರೆದರೆ ಸಿಗುವ ನಂಬರು ಸೊನ್ನೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಏರಿಯ ಮೇಲೆ ನಿಂತಾಗ ಬೇರೊಂದು ಅಳತೆ ಕಂಡಿತು. ನೀರಿನಲ್ಲಿ ನಿಂತ ಜಾಲಿ ಮರಗಳ ತುಂಬ ಹಕ್ಕಿಗಳು. ನೂರು ಹೆಕ್ಟೇರಿಗೂ ಕಡಿಮೆ ವಿಸ್ತಾರದ, ಹೊಲಗಳಿಗೆ ನೀರುಣಿಸುವ ಈ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿ ಜಗತ್ತಿಗೆ ಗೊತ್ತಾಯಿತು. ಆ ಪಟ್ಟಿಗೆ ಎಷ್ಟು ಪ್ರವಾಸಿಗರು ಬಂದು ಫೋಟೋ ತೆಗೆದರೆಂಬುದು ಲೆಕ್ಕಕ್ಕಿಲ್ಲ. ಒಂದು ಜಾತಿಯ ನೀರುಹಕ್ಕಿಗಳಲ್ಲಿ ಕನಿಷ್ಠ ಶೇ 1ರಷ್ಟಾದರೂ ಆ ಜಾಗವನ್ನು ನಂಬಿ ನಿಯಮಿತವಾಗಿ ಬರುತ್ತವೆಯೇ ಎಂಬುದು ಅದರ ಮಾನದಂಡಗಳಲ್ಲಿ ಒಂದು. ಬಣ್ಣದ ಕೊಕ್ಕರೆಗಳು ಅಂಕಸಮುದ್ರವನ್ನು ಆ ಪರೀಕ್ಷೆಯಲ್ಲಿ ಪಾಸು ಮಾಡಿಸಿವೆ. ನೋಡಿ ಹೋದವರಿಗಿಂತ ಮತ್ತೆ ಬಂದವರು ಮುಖ್ಯ!

ಅಲ್ಲಿಂದ ಹೊಸಪೇಟೆ ದಿಕ್ಕಿಗೆ ಸಾಗಿದರೆ ಮರಿಯಮ್ಮನಹಳ್ಳಿ, ಮಂಜಮ್ಮ ಜೋಗತಿಯವರ ಊರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವಾಗ ಅವರು ಸೆರಗು ಹಿಡಿದು ರಾಷ್ಟ್ರಪತಿಗಳ ದೃಷ್ಟಿ ತೆಗೆದ ವಿಡಿಯೊ ದೇಶವೆಲ್ಲ ಓಡಾಡಿತು. ಕೆಲವೇ ಕ್ಷಣಗಳ ಆ ದೃಶ್ಯ ನೋಡಿ ಹೆಸರು ಹುಡುಕಿದವರಿಗೆ ಜೋಗತಿ ನೃತ್ಯಕ್ಕೆ ಮುಡಿಪಾದ ದಶಕಗಳು ಸಿಕ್ಕವು, ಜಾನಪದ ಅಕಾಡೆಮಿಯ ಅಧ್ಯಕ್ಷತೆ ಸಿಕ್ಕಿತು. ವೈರಲ್ ಆಗುವುದು ಯಾರ ಕೈಯಲ್ಲೂ ಇಲ್ಲ. ಹುಡುಕಿಕೊಂಡು ಬಂದವರಿಗೆ ಏನು ಸಿಗಬೇಕೆಂಬುದು ನಮ್ಮ ಕೈಯಲ್ಲಿದೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಬೆರಗು ಇನ್ನೊಂದು ಬಗೆಯದು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ, ಲಕ್ಷಾಂತರ ಜನರನ್ನು ಒಂದೇ ಕೂಗಿನಿಂದ ಸುಮ್ಮನಾಗಿಸಿ, ಕಾರ್ಣಿಕವೆಂಬ ಒಂದೇ ಸಾಲಿನ ಭವಿಷ್ಯವಾಣಿ ನುಡಿದು ಕೆಳಕ್ಕೆ ಬೀಳುತ್ತಾರೆ. ಮಳೆ, ಬೆಳೆ, ರಾಜಕಾರಣ ಎಂದು ನಾಡು ಆ ಸಾಲನ್ನು ವರ್ಷವಿಡೀ ಬಿಡಿಸುತ್ತದೆ. ದಿನಕ್ಕೆ ಹತ್ತು ಪೋಸ್ಟ್ ಹಾಕುವವರು ಬಂದು ಕೇಳಬೇಕಾದ ಸಾಲು ಅದು. ಇದೇ ಹೂವಿನ ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ: ಬೇರೆಡೆ ಬೆಳೆದ ಹೂವನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಊರೂ ಕಸುಬೂ ಕೂಡಿದ ಹೆಸರಿಗೆ ಕಾನೂನೇ ಕಾವಲು ನಿಂತಿದೆ.

ಹರಪನಹಳ್ಳಿಯಂತೂ ಹೆಸರುಗಳ ಊರೇ. ಶಾಲೆಯ ಮೆಟ್ಟಿಲು ಹತ್ತದ ಹರಪನಹಳ್ಳಿ ಭೀಮವ್ವ (1823–1903) ‘ಭೀಮೇಶಕೃಷ್ಣ’ ಅಂಕಿತದಲ್ಲಿ ಹಾಡು ಕಟ್ಟಿದರು. ಹಾಡು ಬಾಯಿಂದ ಬಾಯಿಗೆ ಎಷ್ಟು ದೂರ ಹೋದರೂ ಅಂಕಿತ ಜೊತೆಗೇ ಹೋಯಿತು. 1913ರಲ್ಲಿ ಇಲ್ಲಿ ಹುಟ್ಟಿದ ರಾಯಸಂ ಭೀಮಸೇನರಾವ್ ಎರಡೇ ಅಕ್ಷರದ ಬೀಚಿ ಆದರು. ಅವರ ಹಾಸ್ಯದ ಪಾತ್ರ ತಿಂಮನ ಜೊತೆ ಆ ಹೆಸರು ಕನ್ನಡಿಗರ ಮನೆಮನೆ ಸೇರಿತು. ಪಕ್ಕದ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ 987ರ ಶಾಸನ, ಗುಡಿ ಕಟ್ಟಿಸಿದವನು ದುಗ್ಗಿಮಯ್ಯ ಎಂದು ಹೇಳುತ್ತದೆ. ಸಾವಿರ ವರ್ಷ ದಾಟಿತು. ಕೆಲಸದ ಪಕ್ಕದಲ್ಲೇ ಹೆಸರಿದೆ, ಹೆಸರಿನ ಪಕ್ಕದಲ್ಲೇ ಕೆಲಸವಿದೆ. ಕಂಬಗಳ ನಡುವೆ ಸುತ್ತುತ್ತ, ಇದಕ್ಕಿಂತ ಒಳ್ಳೆಯ ಪ್ರೊಫೈಲ್ ಯಾರದಿದೆ ಎನಿಸಿತು.

ನೀವೂ ಇವತ್ತೇ ಖಾಸಗಿ ಕಿಟಕಿಯಲ್ಲಿ ನಿಮ್ಮ ಹೆಸರು, ಊರು, ಕಸುಬು ಬರೆದು ಹುಡುಕಿ. ಮೊದಲ ಪುಟದಲ್ಲಿ ನಿಮ್ಮದೆಷ್ಟು, ಬೇರೆಯವರದೆಷ್ಟು, ಹಳತಾದದ್ದೆಷ್ಟು ಎಂದು ಗುರುತು ಹಾಕಿಕೊಳ್ಳಿ. ಎಲ್ಲ ಕಡೆ ಹೆಸರನ್ನು ಒಂದೇ ರೀತಿ ಬರೆಯಿರಿ, ಸತ್ತ ನಂಬರು ತೆಗೆದುಹಾಕಿ, ಮಾಡಿದ ಕೆಲಸವನ್ನು ಕಣ್ಣಿಗೆ ಬೀಳುವಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ. ಲೈಕುಗಳ ಬದಲು, ವಿಚಾರಿಸಿ ಬಂದವರೆಷ್ಟು, ಮತ್ತೆ ಬಂದವರೆಷ್ಟು, ಇನ್ನೊಬ್ಬರಿಗೆ ನಿಮ್ಮ ಹೆಸರು ಹೇಳಿ ಕಳಿಸಿದವರೆಷ್ಟು ಎಂದು ಬರೆದಿಡಿ. ಹೆಸರಿನ ನಿಜವಾದ ಲೆಕ್ಕ ಇಷ್ಟೇ.