ಮೊದಲ ಬಿಲ್ಲು

ಕೈಯಲ್ಲಿ ಹಣ ತುಂಬಿರುವವನು ಬಿಲ್ಲನ್ನು ಕೊಳ್ಳುತ್ತಾನೆ. ಹಣ ಕಡಮೆಯಿರುವವನು ಬಿಲ್ಲನ್ನು ಆರಿಸುತ್ತಾನೆ. ಕೊಳ್ಳುವುದಕ್ಕೆ ಒಂದು ಗಳಿಗೆ ಸಾಕು. ಆರಿಸಬೇಕಾದರೆ ತನ್ನ ತೋಳನ್ನೂ ಮನಸ್ಸನ್ನೂ ತಾನೇ ಅಳೆದು ನೋಡಿಕೊಳ್ಳಬೇಕಾಗುತ್ತದೆ. ಕೊಡಿಗೇನಹಳ್ಳಿಯ ಹದಿನೇಳು ವರ್ಷದ ಹುಡುಗನೊಬ್ಬನಿಗೆ ಈ ಎರಡನೆಯ ಕೆಲಸವು ಒಂದು ಮುಂಗಾರಿನಲ್ಲಿ ಬಂದೊದಗಿತು.

ಆ ಸೀಮೆಯನ್ನು ಬಲ್ಲವರಿಗೆ ಜಯಮಂಗಲಿ ಹೊಳೆಯ ಪರಿಚಯವಿದ್ದೇ ಇರುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳ ನೆಲವನ್ನು ಹಾದು, ಅದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಿನಾಕವೆಂದರೆ ಶಿವನ ಬಿಲ್ಲಷ್ಟೆ. ಬಿಲ್ಲಿನ ಹೆಸರು ಹೊತ್ತ ನದಿಗೆ ನೀರು ಸಲ್ಲಿಸುವ ಈ ಹೊಳೆಯು ವರ್ಷದ ಬಹುಭಾಗ ಬರಿಯ ಮರಳಿನ ಹಾದಿ. ಕೊಡಿಗೇನಹಳ್ಳಿಗೆ ಸಮೀಪದಲ್ಲಿಯೇ ಮೈದನಹಳ್ಳಿಯ ಹುಲ್ಲುಬಯಲಿದೆ. 798 ಎಕರೆಯ ಆ ಬಯಲು 2007 ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗಾಗಿ ಮೀಸಲಾಯಿತು. ಬೆಳಗಿನ ಹೊತ್ತು ಅಲ್ಲಿ ನಿಂತು ನೋಡಿದರೆ, ಕಪ್ಪು ಬೆನ್ನು, ಬಿಳಿಯ ಹೊಟ್ಟೆ, ತಿರುಚಿ ಮೇಲೆದ್ದ ಕೊಂಬುಗಳ ಗಂಡುಮೃಗವು ತನ್ನ ಹಿಂಡಿನ ಮುಂದೆ ಗರ್ವದಿಂದ ನಡೆಯುವುದು ಕಾಣುತ್ತದೆ. ದೂರದಿಂದ ಬಂದವರು ಅದನ್ನು ಕಂಡು ಧನ್ಯರಾದೆವೆನ್ನುತ್ತಾರೆ. ಆದರೆ ಮೀಸಲಿನ ಎಲ್ಲೆಯು ಕಾಗದದಲ್ಲಿರುವಷ್ಟು ಸ್ಪಷ್ಟವಾಗಿ ಮೃಗಗಳ ಕಣ್ಣಿಗೆ ಕಾಣುವುದಿಲ್ಲ.

ಹುಡುಗನ ತಂದೆಗೆ ಎರಡು ಎಕರೆ ಖುಷ್ಕಿ ಭೂಮಿ. ಮೊದಲ ಮಳೆಗೆ ಸಾಲ ತಂದ ಬೀಜದಿಂದ ಕಡಲೆಕಾಯಿ ಬಿತ್ತಿದ್ದನು. ಎರಡೆಲೆ ಬಿಟ್ಟಿದ್ದ ಪೈರಿನ ಅರ್ಧವನ್ನು ಮೃಗಗಳು ಒಂದೇ ಇರುಳಿನಲ್ಲಿ ಮೇಯ್ದುಹೋದವು. ತಂದೆಯು ಏನನ್ನೂ ಆಡದೆ ಬದುವಿನ ಮೇಲೆ ಕುಳಿತುದನ್ನು ಹುಡುಗ ಕಂಡ. ಬೈದಿದ್ದರೆ, ಅತ್ತಿದ್ದರೆ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅಂದಿನಿಂದ ಅವನ ತಲೆಯೊಳಗೆ ಬಿಲ್ಲೊಂದು ಹುಟ್ಟಿಕೊಂಡಿತು. ಹುಣಸೆಹಣ್ಣು ಬಡಿದು, ಕಂಡವರ ಹೊಲದಲ್ಲಿ ಕಾಯಿ ಬಿಡಿಸಿ ಕೂಡಿಟ್ಟ 3,600 ರೂಪಾಯಿ ಅವನಲ್ಲಿತ್ತು. ಮೊಬೈಲಿನಲ್ಲಿ ಪರದೇಶದ ಬೇಟೆಗಾರರ ಚಿತ್ರಗಳನ್ನು ನೋಡಿ ನೋಡಿ ರಾತ್ರಿಗಳನ್ನು ಕಳೆದ. ಕಡೆಗೆ ಬೆಂಗಳೂರಿನಲ್ಲಿದ್ದ ಗೆಳೆಯನೊಬ್ಬನು, ಯಾರೋ ಬಳಸಿ ಬಿಟ್ಟಿದ್ದ ಬೇಟೆಯ ಬಿಲ್ಲೊಂದು 3,500 ಕ್ಕೆ ದೊರೆಯುವುದೆಂದು ತಿಳಿಸಿದ. ಅದರ ಮೇಲೆ 45 ಎಂಬ ಅಂಕ ಬರೆದಿತ್ತು. ಅಂಕ ದೊಡ್ಡದಾದಷ್ಟೂ ಬಿಲ್ಲು ಒಳ್ಳೆಯದೆಂದು ಹುಡುಗ ತಿಳಿದಿದ್ದ.

ಈ ಸಂಗತಿ ಹೇಗೋ ಶಾಲೆಯ ವ್ಯಾಯಾಮದ ಮೇಷ್ಟರ ಕಿವಿಗೆ ಬಿತ್ತು. ಅವರು ಹಿಂದೆ ಬಿಲ್ಲುವಿದ್ಯೆಯನ್ನು ಕೆಲಮಟ್ಟಿಗೆ ಅಭ್ಯಾಸ ಮಾಡಿದವರು. ಬೇಡವೆಂದು ಹೇಳದೆ, ಒಂದು ಸಂಜೆ ಹುಡುಗನ ಮನೆಗೇ ಬಂದರು. ಜಗಲಿಯ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ, ಎರಡು ಕೈಗಳನ್ನೂ ಚಾಚಿಸಿ, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆದರು. 65 ಅಂಗುಲವಾಯಿತು. ಅದನ್ನು ಎರಡೂವರೆಯಿಂದ ಭಾಗಿಸಿದರೆ 26. ಹೆದೆಯನ್ನು ಗಲ್ಲದವರೆಗೆ ಎಳೆದಾಗ ಅವನ ಸೆಳೆತ ಹೆಚ್ಚುಕಡಮೆ ಅಷ್ಟು ಉದ್ದವೆಂದು ಲೆಕ್ಕ. ಬಿಲ್ಲಿನ ಮೇಲೆ ಬರೆಯುವ ಭಾರವು ಸಾಮಾನ್ಯವಾಗಿ 28 ಅಂಗುಲದ ಸೆಳೆತಕ್ಕೆ ಹೇಳಿದ್ದು. ಅಂಗುಲವೊಂದು ಕಡಮೆಯಾದರೆ ಭಾರವೂ ಸುಮಾರು ಎರಡೂವರೆ ರಾತ್ತಲು ಇಳಿಯುತ್ತದೆ. ಹಾಗಾಗಿ ಆ 45 ರಾತ್ತಲಿನ ಬಿಲ್ಲು ಇವನ ಕೈಯಲ್ಲಿ 40 ರಾತ್ತಲಿನದು, ಎಂದರೆ 18 ಕಿಲೋ.

ಮೇಷ್ಟರು ಒಳಗಿನಿಂದ 18 ಕಿಲೋ ರಾಗಿಯ ಚೀಲವೊಂದನ್ನು ತರಿಸಿ, ಹಗ್ಗ ಕಟ್ಟಿ, ತೊಲೆಯ ಮೇಲಿಂದ ಇಳಿಬಿಟ್ಟು, ಮೂರು ಬೆರಳುಗಳಿಂದ ಹಗ್ಗವನ್ನು ಗಲ್ಲದವರೆಗೆ ಎಳೆದು ಹತ್ತು ಎಣಿಸುವವರೆಗೆ ಹಿಡಿದಿರೆಂದರು. ನಾಲ್ಕಕ್ಕೆ ಹುಡುಗನ ಭುಜ ಕಿವಿಗೆ ಬಂತು; ಆರಕ್ಕೆ ಕೈ ನಡುಗಿತು; ಏಳಕ್ಕೆ ಚೀಲ ಧೊಪ್ಪನೆ ಕೆಳಗಿಳಿಯಿತು. ರಾಗಿಯನ್ನು ತೆಗೆಯುತ್ತ ತೆಗೆಯುತ್ತ 11 ಕಿಲೋಗೆ ತಂದಾಗ ಅವನು ಹತ್ತನ್ನು ಎಣಿಸಿ ನಗಲೂ ಶಕ್ತನಾದ. “ಇದು ನಿನ್ನ ಬಿಲ್ಲು. 24 ರಾತ್ತಲು. ಮಿಕ್ಕದ್ದು ನಿನ್ನ ಆಸೆಯ ಬಿಲ್ಲು” ಎಂದರು ಮೇಷ್ಟರು. ತೋಳಿಗೆ ಮೀರಿದ ಬಿಲ್ಲನ್ನು ಹಿಡಿದವನು ಗುರಿಯನ್ನು ನೋಡುವುದಿಲ್ಲ. ಯಾವಾಗ ಬಿಟ್ಟೇನೆಂದು ಹೆದೆಯನ್ನೇ ನೋಡುತ್ತಾನೆ.

ಹುಡುಗನ ಮೋರೆ ಸಣ್ಣದಾಯಿತು. “24 ರಲ್ಲಿ ಜಿಂಕೆ ಬೀಳುವುದೇ?” ಎಂದು ಮೆಲ್ಲಗೆ ಕೇಳಿದ. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಜಿಂಕೆಯ ಬೇಟೆಗೆ ಸುಮಾರು 40 ರಾತ್ತಲಿಗೆ ಕಡಮೆಯಾದ ಬಿಲ್ಲನ್ನು ಒಯ್ಯಗೊಡುವುದಿಲ್ಲವೆಂದು ಅವನೂ ಓದಿದ್ದ. ಆಗ ಮೇಷ್ಟರು ಕಾನೂನನ್ನು ಮುಚ್ಚುಮರೆಯಿಲ್ಲದೆ ತಿಳಿಸಿದರು. 1972 ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿಯೇ ಕೃಷ್ಣಮೃಗದ ಹೆಸರಿದೆ. ಕೊಂದರೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಏಳು ವರ್ಷದವರೆಗಿನ ಸೆರೆ. ಕೊಲ್ಲುವುದು ಮಾತ್ರವಲ್ಲ, ಕೊಲ್ಲಲು ಯತ್ನಿಸುವುದೂ ಬೇಟೆಯೆಂದೇ ಆ ಕಾಯಿದೆಯ ಅರ್ಥ. ಮೊಲಕ್ಕೂ ಕೌಜುಗಕ್ಕೂ ಅದರ ರಕ್ಷಣೆಯುಂಟು. ಆದುದರಿಂದ ಈ ದೇಶದಲ್ಲಿ ಬೇಟೆಯ ಬಿಲ್ಲು ಎಂಬುದು ಈಗ ಹೆಸರಿಗೆ ಮಾತ್ರ ಉಳಿದಿದೆ; ಕೊಳ್ಳುವವನು ಗುರಿಹಲಗೆಯ ಬಿಲ್ಲನ್ನು ಕೊಳ್ಳಬೇಕು.

ಹುಡುಗ ಕೇಳಿಸಿಕೊಂಡ, ಒಪ್ಪಲಿಲ್ಲ. ಸೆರೆಮನೆಯ ಭಯ ದೊಡ್ಡದೇ; ಬದುವಿನ ಮೇಲೆ ಕುಳಿತ ತಂದೆಯ ಬೆನ್ನು ಅದಕ್ಕಿಂತ ದೊಡ್ಡದಾಗಿತ್ತು.

ಜಗಲಿಯ ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ತಾತ ಅಲ್ಲಿಯವರೆಗೆ ಬಾಯಿ ತೆರೆದಿರಲಿಲ್ಲ. ಆತನು ಪ್ರಾಯದಲ್ಲಿ, ಈ ಕಾಯಿದೆ ಬರುವುದಕ್ಕೆ ಮುಂಚೆ, ಯುಗಾದಿಯ ಬೇಟೆಗೆ ಊರವರೊಡನೆ ಹೋದವನು. “ನಾನೂ ಒಂದಕ್ಕೆ ಬಾಣ ಬಿಟ್ಟಿದ್ದೆ ಕಣಪ್ಪ. ಅಣ್ಣನ ಬಿಲ್ಲು, ನನ್ನ ಕೈಗೆ ಬಗ್ಗುತ್ತಿರಲಿಲ್ಲ. ಅರ್ಧ ಎಳೆದು ಬಿಟ್ಟೆ. ಹೊಟ್ಟೆಗೆ ನಾಟಿತು” ಎಂದ. ಕುಟ್ಟುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅದು ಬೀಳಲಿಲ್ಲ. ಬಾಣ ಹೊತ್ತುಕೊಂಡೇ ಓಡಿತು. ಮೂರನೆಯ ದಿನ ಹೊಳೆಯ ಮರಳಿನಲ್ಲಿ ಸಿಕ್ಕಿತು. ಇನ್ನೂ ಉಸಿರಿತ್ತು. ಅಣ್ಣ ಹೊಡೆಯಲಿಲ್ಲ, ಬೈಯಲಿಲ್ಲ. ಕತ್ತಿಯನ್ನು ನನ್ನ ಕೈಗೆ ಕೊಟ್ಟ.” ಅದರಾಚೆಗೆ ತಾತ ಏನನ್ನೂ ಹೇಳಲಿಲ್ಲ, ಮತ್ತೆ ಎಲೆಯಡಿಕೆ ಕುಟ್ಟತೊಡಗಿದ. ಕಾಯಿದೆಯ ಏಳು ವರ್ಷಗಳು ಮಾಡದಿದ್ದುದನ್ನು ಆ ಮೂರು ದಿನಗಳು ಮಾಡಿದವು.

ಮುಂದಿನ ಭಾನುವಾರ ಮೇಷ್ಟರೂ ಹುಡುಗನೂ ಬೆಂಗಳೂರಿಗೆ ಹೋದರು. ಅಂಗಡಿಯಲ್ಲಿ ಮೂರು ದಾರಿಗಳು ಎದುರಾದವು. ರಾಟೆಗಳನ್ನು ಜೋಡಿಸಿದ ಪರದೇಶದ ಯಂತ್ರಬಿಲ್ಲು ಇವರ ಮಾತಿಗೇ ಮೀರಿದ್ದು. ಎರಡನೆಯದು ಹಿಡಿಯೂ ತೋಳುಗಳೂ ಬೇರೆಬೇರೆಯಾಗಿ ಕಳಚಿಬರುವ ಮರದ ಬಿಲ್ಲು. ಬಲ ಹೆಚ್ಚಿದಂತೆ ತೋಳುಗಳನ್ನು ಮಾತ್ರ ಬದಲಾಯಿಸಿಕೊಂಡರಾಯಿತು, ಹಿಡಿ ಅದೇ ಉಳಿಯುತ್ತದೆ. ದೂರಾಲೋಚನೆಗೆ ಅದೇ ಲಾಭ, ಆದರೆ ಇಂದಿನ ಚೀಲಕ್ಕೆ ಭಾರ. ಮೂರನೆಯದು ನಮ್ಮ ಬಿದಿರಿನ ಬಿಲ್ಲು. ಅದನ್ನು ಬಡವರ ಸಾಧನವೆಂದು ಹೀಗಳೆಯುವಂತಿಲ್ಲ. ಈ ದೇಶದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೆಂದೇ 30 ಮತ್ತು 50 ಮೀಟರಿನ ಪಂದ್ಯಗಳಿವೆ. ರಾಜಸ್ಥಾನದ ಕಾಡುಸೀಮೆಯಲ್ಲಿ ಬಿದಿರಿನ ಬಿಲ್ಲಿನಿಂದ ಹಕ್ಕಿ ಹೊಡೆಯುತ್ತಿದ್ದ ಲಿಂಬಾರಾಮನೆಂಬ ಹುಡುಗನು ಗುರಿಹಲಗೆಯ ಮುಂದೆ ನಿಂತು, 1988, 1992, 1996 ಈ ಮೂರು ಒಲಿಂಪಿಕ್ಸುಗಳಲ್ಲಿ ಭಾರತದ ಪರವಾಗಿ ಬಾಣ ಬಿಟ್ಟನು. 1992 ರಲ್ಲಿ ಬೀಜಿಂಗಿನಲ್ಲಿ 30 ಮೀಟರಿನ ಗುರಿಗೆ 360 ಕ್ಕೆ 358 ಅಂಕ ಗಳಿಸಿ ಆಗಿನ ಜಗತ್ತಿನ ದಾಖಲೆಯನ್ನು ಸರಿಗಟ್ಟಿದನು.

ಬಿದಿರಿನ ಬಿಲ್ಲುಗಳಲ್ಲಿಯೂ ಆರಿಸುವುದಿತ್ತು. ಒಂದು ಕೆಂಪು ಬಣ್ಣ ಬಳಿದು ಮಿರುಗುತ್ತಿತ್ತು. ಗಿಣ್ಣಿನ ಬಳಿ ಉಗುರು ಆಡಿಸಿದಾಗ ಬಣ್ಣದಡಿಯಲ್ಲಿ ಕೂದಲೆಳೆಯ ಬಿರುಕು ಸಿಕ್ಕಿತು. ಇನ್ನೊಂದಕ್ಕೆ ಹೆದೆಯೇರಿಸಿ ದೂರದಿಂದ ನೋಡಿದರೆ ಕೆಳಗಿನ ತೋಳಿಗಿಂತ ಮೇಲಿನದು ಹೆಚ್ಚು ಬಾಗುತ್ತಿತ್ತು. ಇಂಥದು ಕೆಲವು ತಿಂಗಳಲ್ಲಿ ಸೊಟ್ಟಗಾಗುತ್ತದೆ. ಮೂರನೆಯದು ಮಂಕಾಗಿದ್ದರೂ ಎರಡು ತೋಳುಗಳೂ ಸಮನಾಗಿ ಬಾಗಿದವು. ಬಿದಿರಿನ ಹೊರಮೈ ಗುರಿಯ ಕಡೆಗಿತ್ತು. ಎಳೆತವನ್ನು ತಾಳುವ ನಾರು ಅಲ್ಲಿಯೇ ದಟ್ಟವಾಗಿರುವುದರಿಂದ ಹಾಗಿರಬೇಕಾದುದು. ಹೆದೆ ಕೊಪ್ಪುಗಳಲ್ಲಿ ಬಿಗಿಯಾಗಿ ಕುಳಿತು ಬಿಲ್ಲಿನ ನಡುವನ್ನು ಸರಿಯಾಗಿ ಹಾದುಹೋಯಿತು. ಅದಕ್ಕೆ 1,500 ರೂಪಾಯಿ.

ಉಳಿದ ಹಣವನ್ನು ಬಾಣಗಳ ಮೇಲೆ ಹಾಕಿದರು. ಬಿಲ್ಲಿನಲ್ಲಿ ಉಳಿಸಿ ಬಾಣದಲ್ಲಿ ಸುರಿಯಬೇಕೆಂಬುದು ಈ ವಿದ್ಯೆಯ ಗೃಹಕೃತ್ಯಸೂತ್ರ. ಬಿಲ್ಲು ಸಾಧಾರಣವಾಗಿದ್ದರೂ ಆರು ಬಾಣಗಳು ಒಂದೇ ತೂಕ, ಒಂದೇ ಬಿಗುಪಿನವಾಗಿದ್ದರೆ ತಪ್ಪು ಕೈಯದೋ ಬಾಣದ್ದೋ ತಿಳಿದೀತು. ಅವು ಸೆಳೆತಕ್ಕಿಂತ ಎರಡಂಗುಲ ಉದ್ದವಿರಬೇಕು. ಗಿಡ್ಡ ಬಾಣ ಬಿಲ್ಲಿನ ಒಳಕ್ಕೆ ಜಾರಿ, ಹಿಡಿದ ಕೈಯನ್ನೇ ಚುಚ್ಚಬಹುದು. ಆರು ಬಾಣಕ್ಕೆ 1,200, ಬೆರಳಿನ ಮತ್ತು ಮುಂಗೈಯ ಚರ್ಮದ ಕಾಪಿಗೆ 400, ಇನ್ನೊಂದು ಹೆದೆಗೆ 150. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು, ಬಿಲ್ಲು ಸಿಡಿದೀತು. ಆಟ ಮುಗಿದೊಡನೆ ಹೆದೆಯಿಳಿಸಬೇಕು. ಇವೆರಡು ಎಚ್ಚರಿಕೆಗಳನ್ನು ಅಂಗಡಿಯವನು ಬೆಲೆಯಿಲ್ಲದೆ ಕೊಟ್ಟ. ಉಳಿದ 350 ರೂಪಾಯಿಯಲ್ಲಿ ಹುಡುಗ ಊರಿಗೆ ಬಂದು ಒಂದು ದೊಡ್ಡ ಬ್ಯಾಟರಿ ಕೊಂಡ. ಅದು ಹೊಲ ಕಾಯುವುದಕ್ಕೆ.

ತಂದೆ ಮತ್ತೆ ಬಿತ್ತಿದ. ತಂದೆಮಕ್ಕಳು ಸರದಿಯ ಮೇಲೆ ಇರುಳೆಲ್ಲ ಎದ್ದಿದ್ದು, ಬೆಳಕು ಬಿಟ್ಟು, ತಗಡಿನ ಡಬ್ಬ ಬಡಿದು ಹಿಂಡನ್ನು ಹಿಂತಿರುಗಿಸಿದರು. ಒಂದೆರಡು ಮೂಲೆಗಳು ಹೋದವು, ಮಿಕ್ಕದ್ದು ಉಳಿಯಿತು. ಮೃಗಕ್ಕೂ ರೈತನಿಗೂ ಇರುವ ವ್ಯಾಜ್ಯ ಅಲ್ಲಿಗೆ ತೀರಿತೆಂದು ಯಾರೂ ಹೇಳಲಾರರು. ಮರುವರ್ಷದ ಮಳೆಗೆ ಅದು ಮತ್ತೆ ಚಿಗುರುತ್ತದೆ.

ಹಾಳುಬಾವಿಯ ಮಣ್ಣುದಿಬ್ಬಕ್ಕೆ ಒರಗಿಸಿ, ರಾಗಿಹುಲ್ಲನ್ನು ಅದುಮಿ ತುಂಬಿದ ಗೋಣಿಯೊಂದನ್ನು ನಿಲ್ಲಿಸಿ, ಹದಿನೈದು ಹೆಜ್ಜೆಯ ದೂರದಿಂದ ಹುಡುಗ ಮೊದಲ ಆರು ಬಾಣಗಳನ್ನು ಬಿಟ್ಟ. ಎರಡು ಗೋಣಿಗೆ ನಾಟಿದವು. ಒಂದು ಅಂಚನ್ನು ಸವರಿಕೊಂಡು ಹೋಯಿತು, ಮೂರು ಮಣ್ಣಿನಲ್ಲಿ ಹೂತವು. ಜೊತೆಗೆ ಬಂದಿದ್ದ ತಾತ ಕೋಲೂರಿಕೊಂಡು ಹೋಗಿ, ತಪ್ಪಿದ ನಾಲ್ಕನ್ನೂ ಒಂದೊಂದಾಗಿ ಕಿತ್ತು, ಪಂಚೆಯ ಸೆರಗಿನಿಂದ ಮಣ್ಣು ಒರೆಸಿ ತಂದುಕೊಟ್ಟ.

“ಮಣ್ಣಿಗೆ ನೋವಿಲ್ಲ. ಇನ್ನೊಂದು ಸಲ ಬಿಡು” ಎಂದ.